ಕೈಗೇನೋ ಬಿಡುವು, ಮನಸ್ಸಿಗೆ?

ಭಾನುವಾರ ರಾತ್ರಿ. ಊರಿನ ಹಬ್ಬ ಮುಗಿಸಿಕೊಂಡು ಕಾರಿನಲ್ಲಿ ಹೊರಟ ಮಗ ಇನ್ನೂ ಮನೆ ಸೇರಿಲ್ಲ. ತಾಯಿಗೆ ಆತಂಕ. ಫೋನ್ ಮಾಡುತ್ತಾರೆ. ‘ಎಲ್ಲಿದ್ದೀಯಪ್ಪಾ? ಊಟ ಆಯ್ತಾ? ಮಳೆ ಇದೆಯಾ? ಹುಷಾರಾಗಿ ಓಡಿಸು’ ಎಂದು ಹತ್ತು ನಿಮಿಷ ಮಾತನಾಡುತ್ತಾರೆ. ಮಗ ಕಾರು ಓಡಿಸುತ್ತಲೇ ಉತ್ತರಿಸುತ್ತಾನೆ. ಫೋನ್ ಅವನ ಕೈಯಲ್ಲಿಲ್ಲ. ಸ್ಟೇರಿಂಗ್ ಮೇಲಿನ ಗುಂಡಿ ಒತ್ತಿದರೆ ಸಾಕು, ತಾಯಿಯ ದನಿ ಕಾರಿನ ಸ್ಪೀಕರಿನಲ್ಲೇ ಕೇಳುತ್ತದೆ. ಇಬ್ಬರಿಗೂ ಸಮಾಧಾನ. ಆದರೆ ‘ಹುಷಾರಾಗಿ ಓಡಿಸು’ ಎನ್ನುವ ಆ ಹತ್ತು ನಿಮಿಷವೇ ಅವನ ಪ್ರಯಾಣದ ಅತ್ಯಂತ ಅಪಾಯದ ಹೊತ್ತು ಆಗಿರಬಹುದು ಎಂಬುದು ಇಬ್ಬರಿಗೂ ಹೊಳೆದಿರುವುದಿಲ್ಲ.

ಆರೋಗ್ಯದ ಅಂಕಣದಲ್ಲಿ ಕಾರಿನ ವಿಷಯವೇಕೆ ಎಂದು ನೀವು ಕೇಳಬಹುದು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದ ಪ್ರಕಾರ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇಷ್ಟು ಜನರನ್ನು ಒಂದು ಜ್ವರ ಬಲಿ ತೆಗೆದುಕೊಂಡಿದ್ದರೆ ನಾವು ಅದರ ಬಗ್ಗೆ ವಾರವಾರವೂ ಬರೆಯುತ್ತಿದ್ದೆವು. ಅಪಘಾತವೂ ಒಂದು ರೋಗವೇ. ಬಹುಪಾಲು ತಡೆಯಬಹುದಾದ ರೋಗ.

ಕೈಯಲ್ಲಿ ಫೋನ್ ಹಿಡಿದು ವಾಹನ ಓಡಿಸುವುದು ತಪ್ಪೆಂದು ಈಗ ಎಲ್ಲರಿಗೂ ಗೊತ್ತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯು ಅದನ್ನು ಅಪಾಯಕಾರಿ ಚಾಲನೆ ಎಂದೇ ಪರಿಗಣಿಸುತ್ತದೆ. ದಂಡಕ್ಕೂ ಸೆರೆವಾಸಕ್ಕೂ ಅವಕಾಶವಿದೆ. ಆದರೆ ಕಾಯಿದೆ ಹೇಳುವುದು ಕೈಯಲ್ಲಿ ಹಿಡಿಯುವ ಸಾಧನದ ಮಾತನ್ನು. ಇದರಿಂದ ನಾವು ಸುಲಭವಾಗಿ ಒಂದು ತೀರ್ಮಾನಕ್ಕೆ ಬಂದುಬಿಟ್ಟಿದ್ದೇವೆ: ಕೈಯಲ್ಲಿ ಇಲ್ಲದಿದ್ದರೆ ಅಪಾಯವೂ ಇಲ್ಲ. ಈ ತೀರ್ಮಾನ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಸಂಶೋಧನೆಗಳು ಹೇಳುವುದೇನು?

1997ರಲ್ಲಿ ಕೆನಡಾದ ಟೊರಾಂಟೊದ ಇಬ್ಬರು ಸಂಶೋಧಕರು, ಡೊನಾಲ್ಡ್ ರೆಡೆಲ್‌ಮಿಯರ್ ಮತ್ತು ರಾಬರ್ಟ್ ಟಿಬ್‌ಶಿರಾನಿ, ಮೊಬೈಲ್ ಫೋನ್ ಹೊಂದಿದ್ದು ಅಪಘಾತ ಮಾಡಿಕೊಂಡಿದ್ದ 699 ಚಾಲಕರ ದೂರವಾಣಿ ದಾಖಲೆಗಳನ್ನು ಪರಿಶೀಲಿಸಿದರು. ಫೋನ್ ಬಳಸುವ ಹೊತ್ತಿನಲ್ಲಿ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು ಎಂದು ಕಂಡುಬಂತು. ಕೈಯಲ್ಲಿ ಹಿಡಿಯದೆ ಮಾತನಾಡುವ ಸೌಕರ್ಯ ಇದ್ದವರಿಗೆ ಹೆಚ್ಚಿನ ರಕ್ಷಣೆಯೇನೂ ಸಿಕ್ಕಿರಲಿಲ್ಲ. 2005ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ, ಅಪಘಾತವಾಗಿ ಆಸ್ಪತ್ರೆಗೆ ಬಂದ ಚಾಲಕರ ಅಧ್ಯಯನವೂ ಹೆಚ್ಚುಕಡಿಮೆ ಇದೇ ಮಾತನ್ನು ಹೇಳಿತು.

ಹೀಗೇಕೆ? ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಡೇವಿಡ್ ಸ್ಟ್ರೇಯರ್ ಮತ್ತು ಅವರ ಸಂಗಡಿಗರು ಕೃತಕ ಚಾಲನಾ ಯಂತ್ರದಲ್ಲಿ ಜನರನ್ನು ಕೂರಿಸಿ ನೋಡಿದರು. ಫೋನಿನಲ್ಲಿ ಮಾತನಾಡುತ್ತಾ ಓಡಿಸುವವರ ಕಣ್ಣು ರಸ್ತೆಬದಿಯ ಫಲಕಗಳ ಮೇಲೆ ಬಿದ್ದದ್ದು ನಿಜ. ಆದರೆ ಆಮೇಲೆ ಕೇಳಿದಾಗ, ತಾವೇ ನೋಡಿದ ಫಲಕಗಳನ್ನು ಅವರು ಸರಿಯಾಗಿ ಗುರುತಿಸಲಿಲ್ಲ. ಕಣ್ಣು ನೋಡಿತ್ತು, ಮಿದುಳು ನೋಡಿರಲಿಲ್ಲ. ಕಣ್ಣಿದ್ದೂ ಕುರುಡ ಎಂಬ ನಮ್ಮ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ನನ್ನದೇ ಅನುಭವ ಹೇಳುತ್ತೇನೆ. ಒಮ್ಮೆ ರಿಂಗ್ ರಸ್ತೆಯಲ್ಲಿ ಹೋಗುತ್ತಾ, ಆಸ್ತಿ ಪಾಲಿನ ವಿಷಯವಾಗಿ ಅಣ್ಣನೊಂದಿಗೆ ಸ್ಪೀಕರಿನಲ್ಲಿ ಮಾತನಾಡುತ್ತಿದ್ದೆ. ಮಾತು ಮುಗಿಯುವ ಹೊತ್ತಿಗೆ ನಾನು ತಿರುಗಬೇಕಾಗಿದ್ದ ವೃತ್ತವನ್ನು ದಾಟಿ ಬಹಳ ದೂರ ಬಂದಿದ್ದೆ. ನಡುವೆ ಎರಡು ಸಿಗ್ನಲ್‌ಗಳಿದ್ದವು. ಅಲ್ಲಿ ಕೆಂಪು ದೀಪ ಇತ್ತೋ, ಹಸಿರು ದೀಪ ಇತ್ತೋ ಇವತ್ತಿಗೂ ನೆನಪಿಲ್ಲ. ಏನೂ ಆಗಲಿಲ್ಲ. ಆಗದೇ ಇದ್ದದ್ದು ನನ್ನ ಜಾಣತನವಲ್ಲ, ಬೇರೆಯವರ ಪುಣ್ಯ. ಅಂದಿನಿಂದ ಕಾರಿನಲ್ಲಿ ಫೋನ್ ತೆಗೆಯುವುದನ್ನು ಬಿಟ್ಟೆ.

ಲೆಕ್ಕ ಸರಳವಾಗಿದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಮಾತಿನ ಗುಂಗಿನಲ್ಲಿ ಬ್ರೇಕ್ ಒತ್ತುವುದು ಒಂದು ಸೆಕೆಂಡ್ ತಡವಾದರೂ, ಒಂದು ಬಸ್ಸಿನ ಉದ್ದಕ್ಕಿಂತ ಹೆಚ್ಚು ದೂರ ನೀವು ಮುಂದೆ ಹೋಗಿರುತ್ತೀರಿ.

ಪಕ್ಕದಲ್ಲಿರುವವರ ಮಾತು ಬೇರೆಯೆ?

‘ಪಕ್ಕದಲ್ಲಿ ಕೂತ ಹೆಂಡತಿಯೊಂದಿಗೆ ಮಾತನಾಡುವುದಿಲ್ಲವೆ? ಅದಕ್ಕಿಲ್ಲದ ಅಪಾಯ ಇದಕ್ಕೇಕೆ?’ ಎಂದು ಹಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಪಕ್ಕದಲ್ಲಿ ಕೂತವರಿಗೆ ರಸ್ತೆ ಕಾಣುತ್ತದೆ. ಲಾರಿ ಎದುರಾದಾಗ ಅವರು ತಾವಾಗಿಯೇ ಮಾತು ನಿಲ್ಲಿಸುತ್ತಾರೆ. ‘ನೋಡ್ಕೊಂಡು, ನಾಯಿ ಅಡ್ಡ ಬಂತು’ ಎಂದು ಎಚ್ಚರಿಸುತ್ತಾರೆ. ಫೋನಿನ ಆ ಕಡೆ ಇರುವವರಿಗೆ ಲಾರಿಯೂ ಕಾಣದು, ನಾಯಿಯೂ ಕಾಣದು. ಅವರು ಕೇಳುತ್ತಲೇ ಇರುತ್ತಾರೆ, ನೀವು ಉತ್ತರಿಸುತ್ತಲೇ ಇರಬೇಕಾಗುತ್ತದೆ.

ಎಲ್ಲ ಅಧ್ಯಯನಗಳೂ ಒಂದೇ ದನಿಯಲ್ಲಿ ಮಾತನಾಡುವುದಿಲ್ಲ ಎಂಬುದನ್ನೂ ಹೇಳಬೇಕು. ಕಾರುಗಳಲ್ಲಿ ಕ್ಯಾಮೆರಾ ಇಟ್ಟು ಅಮೆರಿಕದಲ್ಲಿ ನಡೆಸಿದ ಕೆಲವು ಅಧ್ಯಯನಗಳಲ್ಲಿ, ನಂಬರ್ ಒತ್ತುವುದು ಮತ್ತು ಸಂದೇಶ ಓದುವುದೇ ದೊಡ್ಡ ಅಪಾಯವೆಂದೂ, ಬರಿಯ ಮಾತಿನಿಂದ ಅಷ್ಟು ಅಪಾಯವಿಲ್ಲವೆಂದೂ ಕಂಡುಬಂದಿದೆ. ಆದರೆ ಆ ರಸ್ತೆಗಳು ಬೇರೆ, ನಮ್ಮ ರಸ್ತೆಗಳು ಬೇರೆ. ಬಣ್ಣ ಬಳಿಯದ ಉಬ್ಬು, ಎದುರು ದಿಕ್ಕಿನಿಂದ ಬರುವ ಸ್ಕೂಟರ್, ದೀಪವಿಲ್ಲದ ಟ್ರ್ಯಾಕ್ಟರ್, ಹೆದ್ದಾರಿ ದಾಟುವ ಎಮ್ಮೆ, ಚೆಂಡಿನ ಹಿಂದೆ ಓಡಿಬರುವ ಮಗು, ಇವೆಲ್ಲ ನಮ್ಮಲ್ಲಿ ದಿನನಿತ್ಯದ ಮಾತು. ಇಂಥ ರಸ್ತೆಯಲ್ಲಿ ಅರ್ಧ ಮನಸ್ಸು ಸಾಲದು.

ಕಾರು ಮನೆಯ ಹಜಾರವಲ್ಲ

ಹಾಗೆಂದು ಕಾರಿನ ಸೌಕರ್ಯಗಳನ್ನೆಲ್ಲ ನಾನು ಹಳಿಯುತ್ತಿಲ್ಲ. ಬಳಸುವ ರೀತಿ ತಿಳಿದಿರಬೇಕು, ಅಷ್ಟೆ. ಒಂದೊಂದಾಗಿ ನೋಡೋಣ.

ಮೊದಲು ವಿದ್ಯುತ್ ಸಾಕೆಟ್. ಹಿಂದೆ ಸಿಗರೇಟ್ ಹಚ್ಚಲು ಇದ್ದ 12 ವೋಲ್ಟಿನ ಈ ರಂಧ್ರದಲ್ಲಿ ಈಗ ಫೋನ್ ಚಾರ್ಜರ್, ಗಾಳಿ ತುಂಬುವ ಪಂಪು, ಹಾಲು ಬಿಸಿ ಮಾಡುವ ಪಾತ್ರೆ ಎಲ್ಲವನ್ನೂ ಸಿಕ್ಕಿಸುತ್ತೇವೆ. ಸಾಮಾನ್ಯವಾಗಿ ಇದು ಸುಮಾರು 120ರಿಂದ 180 ವಾಟ್‌ವರೆಗೆ ಮಾತ್ರ ತಾಳುತ್ತದೆ. ನಿಮ್ಮ ಕಾರಿನ ಮಿತಿ ಎಷ್ಟೆಂದು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಿ. ಫ್ಯೂಸ್ ಹೋದರೆ ಅದೇ ಅಳತೆಯದನ್ನೇ ಹಾಕಿಸಿ. ದೊಡ್ಡ ಫ್ಯೂಸ್ ಅಥವಾ ತಂತಿಯ ತುಂಡು ಹಾಕಿದರೆ ಒಳಗಿನ ವಯರ್ ಕಾದು ಬೆಂಕಿ ಹತ್ತಬಹುದು. ಬಳಸದಾಗ ಮುಚ್ಚಳ ಹಾಕಿಡಿ. ಒಂದು ನಾಣ್ಯ ಬಿದ್ದರೂ ಶಾರ್ಟ್ ಆಗುತ್ತದೆ. ಚಾರ್ಜರಿನ ವಯರು ಗೇರಿಗಾಗಲಿ ಪೆಡಲಿಗಾಗಲಿ ಸುತ್ತಿಕೊಳ್ಳದಂತಿರಲಿ.

ಎರಡನೆಯದು ಪರದೆ. ಎ.ಸಿ. ತಿರುಗಿಸಲೂ ಹಾಡು ಬದಲಿಸಲೂ ಈಗಿನ ಹಲವು ಕಾರುಗಳಲ್ಲಿ ಪರದೆಯನ್ನೇ ಮುಟ್ಟಬೇಕು. ಹಳೆಯ ಗುಂಡಿಯನ್ನು ಬೆರಳು ತಡವಿ ಕಂಡುಕೊಳ್ಳುತ್ತಿತ್ತು. ಪರದೆಯನ್ನು ಕಣ್ಣಿಟ್ಟೇ ನೋಡಬೇಕು. ಆದ್ದರಿಂದ ದಾರಿ ತೋರಿಸುವ ನಕ್ಷೆ, ಹಾಡು, ಎ.ಸಿ. ಎಲ್ಲವನ್ನೂ ಕಾರು ಹೊರಡುವ ಮೊದಲೇ ಹೊಂದಿಸಿಕೊಳ್ಳಿ.

ಮೂರನೆಯದು ಡ್ಯಾಶ್‌ಬೋರ್ಡ್. ಅಲ್ಲಿ ಗಣಪತಿಯ ವಿಗ್ರಹ ಇಡುವುದು ನಮ್ಮಲ್ಲಿ ವಾಡಿಕೆ. ಭಕ್ತಿಗೆ ನನ್ನ ವಿರೋಧವಿಲ್ಲ. ಆದರೆ ಏರ್‌ಬ್ಯಾಗ್ ಅರಳುವುದು ಕಣ್ಣು ರೆಪ್ಪೆ ಮುಚ್ಚುವುದಕ್ಕಿಂತ ವೇಗವಾಗಿ. ಅದರ ಮುಚ್ಚಳದ ಮೇಲಿರುವ ಗಟ್ಟಿ ವಸ್ತು ಕಲ್ಲಿನಂತೆ ಮುಖಕ್ಕೆ ಬಡಿಯುತ್ತದೆ. ದೇವರ ಒಂದು ಪುಟ್ಟ ಚಿತ್ರವನ್ನು ಬೇರೆ ಜಾಗದಲ್ಲಿ ಅಂಟಿಸಿಕೊಳ್ಳಿ. ಚಾಲಕರ ಎದೆ ಸ್ಟೇರಿಂಗ್‌ನಿಂದ ಕನಿಷ್ಠ 25 ಸೆಂಟಿಮೀಟರ್ ದೂರವಿರಲಿ. ಪಕ್ಕದಲ್ಲಿ ಕೂತವರು ಕಾಲನ್ನು ಡ್ಯಾಶ್‌ಬೋರ್ಡ್ ಮೇಲೆ ಚಾಚಬಾರದು. ನೀರಿನ ಬಾಟಲಿಯನ್ನು ಚಾಲಕರ ಕಾಲ ಬಳಿ ಎಂದೂ ಇಡಬೇಡಿ. ಅದು ಉರುಳಿ ಬ್ರೇಕಿನ ಕೆಳಗೆ ಸಿಕ್ಕಿಕೊಂಡರೆ ದೇವರೇ ಗತಿ.

ನಾಲ್ಕನೆಯದು ಮಕ್ಕಳು. ‘ಐದೇ ನಿಮಿಷ’ ಎಂದು ಮಗುವನ್ನು ಕಾರಿನೊಳಗೆ ಬಿಟ್ಟು ಅಂಗಡಿಗೆ ಹೋಗಬೇಡಿ. 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗಿನ ಉಷ್ಣತೆ ಒಂದು ಗಂಟೆಯಲ್ಲಿ ಸುಮಾರು 22 ಡಿಗ್ರಿ ಸೆಲ್ಸಿಯಸ್ ಏರಿತು; ಅದರಲ್ಲಿ ಹೆಚ್ಚಿನ ಪಾಲು ಮೊದಲ ಅರ್ಧ ಗಂಟೆಯಲ್ಲೇ. ಗಾಜನ್ನು ಸ್ವಲ್ಪ ಇಳಿಸಿಟ್ಟರೂ ಹೆಚ್ಚೇನೂ ಉಪಯೋಗವಾಗಲಿಲ್ಲ. ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ ಬೇಗ ಕಾಯುತ್ತದೆ. ಕಿಟಕಿಗೆ ಬೀಗ ಹಾಕುವ ಗುಂಡಿಯನ್ನೂ ಮರೆಯಬೇಡಿ. ಏರುವ ಗಾಜಿಗೆ ಮಗುವಿನ ಕುತ್ತಿಗೆಯೋ ಬೆರಳೋ ಸಿಕ್ಕಬಹುದು. ಹಾಗೆಯೇ ಎಂಜಿನ್ ಓಡುತ್ತಿರುವ ಕಾರಿನಲ್ಲಿ, ಅದರಲ್ಲೂ ಮುಚ್ಚಿದ ಗ್ಯಾರೇಜಿನಲ್ಲಿ, ಎ.ಸಿ. ಹಾಕಿಕೊಂಡು ಮಲಗಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ.

ಫೋನ್ ಮಾಡುವವರ ಹೊಣೆ

ಮತ್ತೆ ಫೋನಿನ ವಿಷಯಕ್ಕೆ ಬರೋಣ. ‘ಚಾಲಕರು ಫೋನ್ ತೆಗೆಯಬಾರದು’ ಎಂದು ಹೇಳುವುದು ಸುಲಭ. ಆದರೆ ಪರದೆಯ ಮೇಲೆ ‘ಅಮ್ಮ’ ಎಂದು ಹೆಸರು ಮೂಡಿದಾಗ ತೆಗೆಯದೆ ಇರುವುದು ಕಷ್ಟ. ಮೇಲಧಿಕಾರಿಯ ಹೆಸರು ಮೂಡಿದರಂತೂ ಇನ್ನೂ ಕಷ್ಟ. ಬಾಡಿಗೆ ಕಾರು ಓಡಿಸುವವರಿಗೆ ಫೋನೇ ಹೊಟ್ಟೆಪಾಡು. ಆದ್ದರಿಂದ ಈ ರೋಗಕ್ಕೆ ಔಷಧ ಅರ್ಧ ಕಾರಿನೊಳಗಿದೆ, ಇನ್ನರ್ಧ ಫೋನ್ ಮಾಡುವವರ ಬಳಿ ಇದೆ.

ನೀವು ಮನೆಯಲ್ಲಿರುವವರಾದರೆ, ಫೋನ್ ತೆಗೆದೊಡನೆ ಮೊದಲು ‘ಗಾಡಿ ಓಡಿಸ್ತಿದ್ದೀಯಾ?’ ಎಂದು ಕೇಳಿ. ಹೌದೆಂದರೆ ‘ನಿಲ್ಲಿಸಿದಾಗ ಮಾಡು’ ಎಂದಷ್ಟೇ ಹೇಳಿ ಇಟ್ಟುಬಿಡಿ. ಅಧಿಕಾರಿಗಳಾದರೆ ಕೈಕೆಳಗಿನವರಿಗೆ, ಕಾರು ಓಡಿಸುವಾಗ ನನ್ನ ಫೋನನ್ನೂ ತೆಗೆಯಬೇಡಿ ಎಂದು ಮೊದಲೇ ತಿಳಿಸಿಡಿ. ಓಡಿಸುವವರಾದರೆ, ಹೊರಡುವ ಮೊದಲು ‘ಇಷ್ಟು ಗಂಟೆಗೆ ತಲುಪುತ್ತೇನೆ, ನಡುವೆ ಕಾಫಿಗೆ ನಿಲ್ಲಿಸಿದಾಗ ಫೋನ್ ಮಾಡುತ್ತೇನೆ’ ಎಂದು ಮನೆಯವರಿಗೆ ಹೇಳಿ ಹೊರಡಿ. ತುರ್ತು ಇದ್ದರೆ ಸುರಕ್ಷಿತ ಜಾಗ ನೋಡಿ, ಪಕ್ಕಕ್ಕೆ ನಿಲ್ಲಿಸಿ ಮಾತನಾಡಿ. ಜೊತೆಗೆ ಯಾರಾದರೂ ಇದ್ದರೆ ಫೋನನ್ನು ಅವರ ಕೈಗೆ ಕೊಡಿ.

ಮಗ ಫೋನ್ ತೆಗೆಯಲಿಲ್ಲವೆಂದರೆ ತಾಯಿಗೆ ಒಂದು ಗಳಿಗೆ ದಿಗಿಲಾಗುವುದು ಸಹಜ. ಆದರೆ ತೆಗೆಯದಿರುವ ಅಭ್ಯಾಸ ಅವನಿಗಿದೆ ಎಂದು ಮನೆಯವರಿಗೆಲ್ಲ ತಿಳಿದಿದ್ದರೆ, ಆ ಮೌನವೇ ಒಂದು ಧೈರ್ಯ: ಅವನ ಕಣ್ಣೂ ಮನಸ್ಸೂ ರಸ್ತೆಯ ಮೇಲಿವೆ, ಅವನು ಮನೆಗೆ ಬರುತ್ತಿದ್ದಾನೆ.