ಯಂತ್ರ ಕುಶಲಕರ್ಮಿಗಳಿಗೆ ವಿದ್ಯುತ್ ಸುರಕ್ಷತಾ ತರಬೇತಿ: ಉದ್ದಿಮೆದಾರರ ಹೊಣೆ

ಭತ್ತದ ಕೊಯ್ಲು ಮುಗಿದು ಗಿರಣಿಗಳಿಗೆ ಬಿಡುವಿಲ್ಲದ ದಿನಗಳು. ಬಾದನಹಟ್ಟಿ, ಕುರುಗೋಡು, ಸಿರುಗುಪ್ಪ ಭಾಗದ ಒಂದು ಅಕ್ಕಿ ಗಿರಣಿಯಲ್ಲಿ ರಾತ್ರಿ ಹತ್ತರ ನಂತರ ಎಲಿವೇಟರ್ ಮೋಟಾರು ನಿಂತಿತೆಂದು ಭಾವಿಸೋಣ. ಎಲೆಕ್ಟ್ರಿಷಿಯನ್ ಬಳ್ಳಾರಿಯಿಂದ ಬರಬೇಕು. ಅಂಗಳದಲ್ಲಿ ಭತ್ತ ತುಂಬಿದ ಟ್ರ್ಯಾಕ್ಟರುಗಳು ಸಾಲುಗಟ್ಟಿವೆ. ಮಾಲೀಕರ ದೃಷ್ಟಿ ಸಹಜವಾಗಿಯೇ ಗಿರಣಿಯ ಫಿಟ್ಟರ್ ಕಡೆಗೆ ಹೊರಳುತ್ತದೆ. ಬೇರಿಂಗ್ ಬದಲಿಸುವುದರಲ್ಲಿ, ಬೆಲ್ಟು ಬಿಗಿಯುವುದರಲ್ಲಿ ನುರಿತ ಆತ, "ಸ್ವಲ್ಪ ನೋಡಪ್ಪಾ" ಎಂಬ ಒಂದು ಮಾತಿಗೆ ಪ್ಯಾನೆಲ್ ಬಾಗಿಲು ತೆರೆಯುತ್ತಾನೆ. ಅದರ ಹಿಂದೆ ಇರುವುದು 415 ವೋಲ್ಟ್.

ಇದು ಅಕ್ಕಿ ಗಿರಣಿಗಳಿಗಷ್ಟೇ ಸೀಮಿತವಾದ ಮಾತಲ್ಲ. ಹತ್ತಿ ಜಿನ್ನಿಂಗ್ ಘಟಕಗಳಿಗೂ, ನೆಲ ಸದಾ ಒದ್ದೆಯಾಗಿರುವ ಜೀನ್ಸ್ ವಾಷಿಂಗ್ ಘಟಕಗಳಿಗೂ ಇದು ಅನ್ವಯಿಸುತ್ತದೆ. ಸಣ್ಣ ಉದ್ದಿಮೆಗೆ ಪೂರ್ಣಾವಧಿ ಎಲೆಕ್ಟ್ರಿಷಿಯನ್‌ರನ್ನು ಇಟ್ಟುಕೊಳ್ಳುವುದು ಕಷ್ಟವೆಂಬುದು ನಿಜ. ಆದರೆ ಆ ಕೊರತೆಯ ಭಾರವನ್ನು ತರಬೇತಿಯಿಲ್ಲದ ಒಬ್ಬ ಕಾರ್ಮಿಕನ ಪ್ರಾಣದ ಮೇಲೆ ಹೊರಿಸುವುದು ಮಿತವ್ಯಯ ಎನಿಸಲಾರದು.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯಡಿ ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿ ಸುರಕ್ಷತಾ ನಿಯಮಾವಳಿಯನ್ನು ಹೊರಡಿಸಿತು. ಅದರ ಸ್ಥಾನದಲ್ಲಿ 2023ರ ನಿಯಮಾವಳಿ ಬಂದಿದೆ. ವಿದ್ಯುತ್ ಸ್ಥಾವರದ ಅಳವಡಿಕೆ, ಮಾರ್ಪಾಡು ಮತ್ತು ದುರಸ್ತಿ ಕಾರ್ಯಗಳನ್ನು ಪರವಾನಗಿ ಪಡೆದ ಗುತ್ತಿಗೆದಾರರು, ಅರ್ಹತಾ ಪತ್ರವುಳ್ಳ ಮೇಲ್ವಿಚಾರಕರ ನೇರ ನಿಗಾದಲ್ಲಿ, ಪರ್ಮಿಟ್ ಹೊಂದಿದ ಕೆಲಸಗಾರರಿಂದಲೇ ಮಾಡಿಸತಕ್ಕದ್ದು. ದೀಪ, ಫ್ಯಾನು, ಫ್ಯೂಸ್, ಸ್ವಿಚ್ಚುಗಳನ್ನು ಇದ್ದಂತೆಯೇ ಬದಲಿಸುವಂತಹ ಸಣ್ಣ ಕೆಲಸಗಳಿಗೆ ಮಾತ್ರ ವಿನಾಯಿತಿಯುಂಟು. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳ ಕಾಲದಿಂದಲೂ ಇರುವ ತತ್ತ್ವವಿದು.

ಅನುಭವಿ ಫಿಟ್ಟರ್‌ಗೆ ಪ್ರತ್ಯೇಕ ತರಬೇತಿ ಏಕೆ ಎಂದು ಕೆಲವರು ಕೇಳಬಹುದು. ಕಬ್ಬಿಣದ ಯಂತ್ರ ಕೆಡುವ ಮೊದಲು ಸದ್ದು ಮಾಡುತ್ತದೆ, ಬಿಸಿಯಾಗುತ್ತದೆ, ನಡುಗುತ್ತದೆ. ವಿದ್ಯುತ್ ಹರಿಯುವ ತಂತಿಗೆ ಅಂತಹ ಯಾವ ಲಕ್ಷಣವೂ ಇಲ್ಲ. ಸ್ಟಾರ್ಟರ್‌ನ ಗುಂಡಿ ಒತ್ತಿ ಮೋಟಾರು ನಿಲ್ಲಿಸಿದರೂ ಸ್ಟಾರ್ಟರ್‌ಗೆ ಬರುವ ತಂತಿಗಳಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಮೇನ್ ಸ್ವಿಚ್ ತೆಗೆದ ಮೇಲೂ ಕೆಪಾಸಿಟರ್‌ಗಳಲ್ಲಿ, ವೇಗ ನಿಯಂತ್ರಕ ಡ್ರೈವ್‌ಗಳಲ್ಲಿ ಕೆಲವು ನಿಮಿಷ ಅಪಾಯಕರ ವೋಲ್ಟೇಜ್ ಉಳಿದಿರುತ್ತದೆ. "ಕರೆಂಟು ಹೋಗಿದೆ" ಎಂದು ನಂಬಿ ಕೈಹಾಕಿದವನಿಗೆ ಅದು ಮರಳಿ ಬರುವ ಕ್ಷಣ ತಿಳಿಯದು. ಚೇಂಜ್ ಓವರ್ ಸ್ವಿಚ್ ಸರಿಯಿಲ್ಲದಿದ್ದರೆ ಜನರೇಟರ್ ಕಡೆಯಿಂದಲೂ ವಿದ್ಯುತ್ ಹರಿಯಬಹುದು.

ಫ್ಯೂಸ್ ಇದೆಯಲ್ಲ ಎಂಬ ಭರವಸೆಯೂ ಹುಸಿ. ಹತ್ತು ಅಶ್ವಶಕ್ತಿಯ ಮೋಟಾರು ಸುಮಾರು 14 ಆಂಪಿಯರ್ ಎಳೆಯುತ್ತದೆ. ಮನುಷ್ಯನ ಜೀವಕ್ಕೆ ಅದರ ನೂರರಲ್ಲಿ ಒಂದು ಪಾಲೇ ಸಂಚಕಾರವಾಗಬಲ್ಲದು. ಫ್ಯೂಸ್ ಕಾಪಾಡುವುದು ತಂತಿಯನ್ನು, ಮನುಷ್ಯನನ್ನಲ್ಲ. ಮನುಷ್ಯನ ರಕ್ಷಣೆಗೆ 30 ಮಿಲಿಆಂಪಿಯರ್ ಸೋರಿಕೆಗೇ ಕಡಿತಗೊಳ್ಳುವ ಸಾಧನವೂ ಉತ್ತಮ ಅರ್ಥಿಂಗ್ ವ್ಯವಸ್ಥೆಯೂ ಬೇಕು.

ಹಾಗಾದರೆ ಫಿಟ್ಟರ್ ಪ್ಯಾನೆಲ್ ಮುಟ್ಟಕೂಡದೆಂದು ಆಜ್ಞೆ ಹೊರಡಿಸಿದರೆ ಸಾಕೆ? ಗೋಡೆಯ ಮೇಲಿನ ಫಲಕ ರಾತ್ರಿ ಹತ್ತರ ಒತ್ತಡದಲ್ಲಿ ನಿಲ್ಲಲಾರದು ಎಂಬುದು ನಮಗೆಲ್ಲರಿಗೂ ಗೊತ್ತಿದೆ. ಈ ದಿಸೆಯಲ್ಲಿ ಜರ್ಮನಿಯ ಪದ್ಧತಿ ಗಮನಾರ್ಹ. ಅಲ್ಲಿ ಯಾಂತ್ರಿಕ ವೃತ್ತಿಯವರಿಗೆ ನಿಗದಿತ ಕೆಲವೇ ವಿದ್ಯುತ್ ಕೆಲಸಗಳಲ್ಲಿ ತರಬೇತಿ ಕೊಟ್ಟು, ಅಷ್ಟಕ್ಕೆ ಮಾತ್ರ ಅಧಿಕಾರ ನೀಡುತ್ತಾರೆ. ಅದೂ ಸಂಪರ್ಕ ಪೂರ್ಣ ಕಡಿತಗೊಂಡಿರುವಾಗ ಮಾತ್ರ. ನಮ್ಮ ಕಾನೂನಿನಲ್ಲಿ ಅಂತಹ ಸೀಮಿತ ಅಧಿಕಾರ ಇಲ್ಲದಿರುವುದರಿಂದ ಅದನ್ನು ಯಥಾವತ್ತಾಗಿ ತರಲಾಗದು. ಆದರೆ ಎಲ್ಲಿಯವರೆಗೆ ತನ್ನ ಕೆಲಸ, ಎಲ್ಲಿಂದಾಚೆ ಅಲ್ಲ ಎಂಬ ಗೆರೆಯನ್ನು ಕಲಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ನನ್ನ ಸಲಹೆ ಎರಡು ಹಂತಗಳದ್ದು. ಮೊದಲನೆಯದಾಗಿ, ಯಂತ್ರದ ಬಳಿ ದುಡಿಯುವ ಪ್ರತಿಯೊಬ್ಬ ಫಿಟ್ಟರ್, ಮೆಕ್ಯಾನಿಕ್, ಸಹಾಯಕನಿಗೂ ಮೂಲ ಸುರಕ್ಷತಾ ತರಬೇತಿ ದೊರೆಯಬೇಕು. ಬೆಲ್ಟು ಬದಲಿಸುವ ಮೊದಲು ಕೂಡ ಮೇನ್ ತೆಗೆಯುವುದು, ಅದಕ್ಕೆ ಬೀಗ ಹಾಕಿ ಕೀಲಿಯನ್ನು ತನ್ನ ಬಳಿಯೇ ಇಟ್ಟುಕೊಳ್ಳುವುದು, ಹೆಸರಿನ ಚೀಟಿ ತೂಗುಹಾಕುವುದು, ವಿದ್ಯುತ್ ಇಲ್ಲವೆಂದು ಸರಿಯಾದ ಮೀಟರಿನಿಂದ ಪರೀಕ್ಷಿಸುವುದು ಅವನಿಗೆ ಅಭ್ಯಾಸವಾಗಬೇಕು. ಆ ಮೀಟರನ್ನೂ ಮೊದಲು ವಿದ್ಯುತ್ ಇರುವೆಡೆ ಪರೀಕ್ಷಿಸಿ ನೋಡಬೇಕು. ಜೇಬಿನ ಟೆಸ್ಟರ್‌ನ ದೀಪ ಹತ್ತಲಿಲ್ಲವೆಂಬುದೇ ಪುರಾವೆಯಲ್ಲ. ವಿದ್ಯುದಾಘಾತಕ್ಕೊಳಗಾದವರನ್ನು ಮುಟ್ಟುವ ಮೊದಲು ಸಂಪರ್ಕ ಕಡಿತಗೊಳಿಸುವುದೂ, ಉಸಿರು ಮತ್ತು ಹೃದಯ ಬಡಿತವನ್ನು ಮರಳಿಸುವ ಪ್ರಥಮ ಚಿಕಿತ್ಸೆಯೂ ಇದರಲ್ಲಿ ಸೇರಬೇಕು.

ಎರಡನೆಯದಾಗಿ, ಪ್ರತಿ ಘಟಕದಿಂದ ಆಸಕ್ತಿಯುಳ್ಳ ಒಬ್ಬರನ್ನಾದರೂ ಆರಿಸಿ, ವೈರ್‌ಮನ್ ಪರ್ಮಿಟ್ ಪಡೆಯುವ ಮಟ್ಟಕ್ಕೆ ಸಿದ್ಧಗೊಳಿಸಬೇಕು. ಐಟಿಐಗಳಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಎರಡೂ ಎರಡು ವರ್ಷಗಳ ವೃತ್ತಿಗಳು; ಬೋಧಕರೂ ಕಾರ್ಯಾಗಾರಗಳೂ ಅಲ್ಲಿವೆ. ಹಂಗಾಮು ಇಳಿದ ತಿಂಗಳುಗಳಲ್ಲಿ ಸಂಜೆಯ ಅಥವಾ ವಾರಾಂತ್ಯದ ತರಗತಿಗಳನ್ನು ಏರ್ಪಡಿಸಲು ವಾಣಿಜ್ಯ ಸಂಸ್ಥೆಯು ಐಟಿಐ, ಜೆಸ್ಕಾಂ ಹಾಗೂ ವಿದ್ಯುತ್ ಪರಿವೀಕ್ಷಣಾ ಇಲಾಖೆಗಳೊಡನೆ ಮಾತುಕತೆ ನಡೆಸುವುದು ಸೂಕ್ತ. ಒಂದು ಘಟಕಕ್ಕೆ ಭಾರವಾಗುವ ವೆಚ್ಚ ಹತ್ತು ಘಟಕಗಳು ಹಂಚಿಕೊಂಡರೆ ಹಗುರವಾಗುತ್ತದೆ.

ಕಲಿತ ಕೆಲಸಗಾರ ಹೆಚ್ಚಿನ ಸಂಬಳಕ್ಕೆ ದೊಡ್ಡ ಕಾರ್ಖಾನೆ ಸೇರಿಬಿಡುತ್ತಾನೆ ಎಂಬ ಆಕ್ಷೇಪಣೆ ಉಂಟು. ಕೆಲವರು ಹೋಗಬಹುದು. ಆದರೆ ಕಲಿಯದೆ ಉಳಿದವನು ಪ್ಯಾನೆಲ್ ತೆರೆಯುತ್ತಲೇ ಇರುತ್ತಾನೆ. ನಷ್ಟ ಯಾವುದು ಹೆಚ್ಚೆಂದು ಲೆಕ್ಕ ಹಾಕಬೇಕಾದವರು ನಾವು.

ಕೊನೆಯದಾಗಿ, ತರಬೇತಿಯ ಫಲ ಮಾಲೀಕರ ನಡತೆಯನ್ನು ಅವಲಂಬಿಸಿದೆ. "ಇದು ನನ್ನ ಕೆಲಸವಲ್ಲ, ಎಲೆಕ್ಟ್ರಿಷಿಯನ್ ಬರಲಿ" ಎಂದು ಫಿಟ್ಟರ್ ಹೇಳಿದಾಗ ಗದರದೆ ಒಪ್ಪಿಕೊಳ್ಳುವ ಸಂಯಮ ನಮ್ಮಲ್ಲಿರಬೇಕು. ಟ್ರ್ಯಾಕ್ಟರುಗಳು ಬೆಳಗಿನವರೆಗೆ ಕಾಯಬಲ್ಲವು. ಈ ಹಂಗಾಮಿಗೆ ಮುನ್ನ ಪ್ರತಿಯೊಬ್ಬ ಸದಸ್ಯರೂ ತಮ್ಮ ಘಟಕದ ಮೇನ್ ಸ್ವಿಚ್ಚಿಗೆ ಒಂದು ಬೀಗ ತಂದಿಟ್ಟು, ಕೀಲಿಯನ್ನು ಯಂತ್ರಕ್ಕೆ ಕೈಹಾಕುವವನಿಗೇ ಒಪ್ಪಿಸುವ ಪರಿಪಾಠವನ್ನು ಆರಂಭಿಸಲೆಂದು ವಿನಂತಿ.