ಸಾಂಬ್ರಾನೋ, ಹುಬ್ಬಳ್ಳಿನೋ? ನಡುವಿನ ನಾಲ್ಕು ತಾಲೂಕಿಗೆ ಯಾವ ವಿಮಾನ ನಿಲ್ದಾಣ ಹತ್ತಿರ

ಬೈಲಹೊಂಗಲ: ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ ಮತ್ತು ಹುಬ್ಬಳ್ಳಿಯ ಗೋಕುಲ ರಸ್ತೆ ವಿಮಾನ ನಿಲ್ದಾಣದ ನಡುವಿನ ರಸ್ತೆ ದೂರ ಸುಮಾರು 100 ಕಿ.ಮೀ. ಕಾರಿನಲ್ಲಿ ಹೆಚ್ಚುಕಡಿಮೆ ಎರಡು ತಾಸಿನ ದಾರಿ. ಇಷ್ಟು ಹತ್ತಿರ ಎರಡು ನಿಲ್ದಾಣ ಇರೋದು ನಮ್ಮ ಪುಣ್ಯ ಅನ್ನೋರು ಅದಾರ. ಆದ್ರ ನಡುವೆ ಇರುವ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದವರಿಗೆ ಇದರ ಲಾಭ ಎಷ್ಟು ಸಿಗ್ತದ?

ಯಾರಿಗೆ ಯಾವುದು ಹತ್ತಿರ?

ಬೈಲಹೊಂಗಲದವರಿಗೆ ಸಾಂಬ್ರಾನೇ ಹತ್ತಿರ, ಸುಮಾರು 40 ಕಿ.ಮೀ. ನೇಸರಗಿ ಮೇಲೆ ಹೋದರೆ ಬೆಳಗಾವಿ ಪೇಟೆಯ ಟ್ರಾಫಿಕ್ ತಪ್ಪತ್ತದ. ಕಿತ್ತೂರು ಹೆದ್ದಾರಿ ಮೇಲಿನ ಊರು, ಎರಡೂ ಕಡೆ ಹೆಚ್ಚುಕಡಿಮೆ ಸಮ. ಸವದತ್ತಿಯವರು ಬೆಳಗಾವಿ ಜಿಲ್ಲೆಯವರಾದರೂ ಧಾರವಾಡ 40 ಕಿ.ಮೀ. ಅಷ್ಟೇ ಇರೋದರಿಂದ ಅವರಿಗೆ ಹುಬ್ಬಳ್ಳಿನೇ ಸಲೀಸು. ರಾಮದುರ್ಗಕ್ಕೆ ಎರಡೂ ದೂರ. ಯರಗಟ್ಟಿ ಮೇಲೆ ಸಾಂಬ್ರಾಕ್ಕೆ ಹೋಗ್ರಿ, ನರಗುಂದ–ನವಲಗುಂದ ಮೇಲೆ ಹುಬ್ಬಳ್ಳಿಗೆ ಹೋಗ್ರಿ, ಎರಡು ತಾಸಿಗಿಂತ ಕಡಿಮೆ ಆಗೋದು ಕಷ್ಟ.

ಬೆಂಗಳೂರಿಗೆ ವಿಮಾನ ಒಂದು ತಾಸು ಚಿಲ್ಲರೆ. ರಾಮದುರ್ಗದವರು ಅದರ ಎರಡು ಪಟ್ಟು ಹೊತ್ತು ಬರೀ ರಸ್ತೆ ಮೇಲೆ ಕಳೀಬೇಕು. ಬಾಡಿಗೆ ಗಾಡಿಯವರು ಹೋಗಿ ಬರೋ ಕಿಲೋಮೀಟರ್ ಎರಡೂ ಹಿಡೀತಾರ. ಟಿಕೆಟ್ ಅಗ್ಗ ಸಿಕ್ಕರೂ ಗಾಡಿ ಬಾಡಿಗೆ ಕೂಡಿಸಿದ ಮ್ಯಾಲೆ ಲೆಕ್ಕ ಬ್ಯಾರೇನ ಆಗ್ತದ.

2018ರ ಪಾಠ

ಸಾಂಬ್ರಾ ಹಳೇ ನಿಲ್ದಾಣ, 1942ರಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿದ್ದು. 2017ರಲ್ಲಿ ಬೆಳಗಾವಿ, ಹುಬ್ಬಳ್ಳಿ ಎರಡೂ ಕಡೆ ಹೊಸ ಟರ್ಮಿನಲ್ ಆದವು. ಆದ್ರ ಉಡಾನ್ ಯೋಜನೆ ಮೊದಲು ಸಿಕ್ಕಿದ್ದು ಹುಬ್ಬಳ್ಳಿಗೆ. 2018ರಲ್ಲಿ ಸ್ಪೈಸ್‌ಜೆಟ್ ಬೆಳಗಾವಿ ಬಿಟ್ಟು ಹುಬ್ಬಳ್ಳಿಗೆ ಹೋಯಿತು. 2019ರಲ್ಲಿ ಮೂರನೇ ಹಂತದಾಗ ಬೆಳಗಾವಿ ಉಡಾನ್‌ಗೆ ಸೇರಿದ ಮ್ಯಾಲೆ ಇಲ್ಲಿ ಮತ್ತ ವಿಮಾನ ಹೆಚ್ಚಾದವು. ಉಡಾನ್ ಸಹಾಯಧನ ಒಂದು ಮಾರ್ಗಕ್ಕೆ ಮೂರು ವರ್ಷ ಮಾತ್ರ. ಅದು ಮುಗಿದ ಮ್ಯಾಲೆ ಸೀಟು ತುಂಬಿದರೆ ಮಾತ್ರ ವಿಮಾನ ಉಳೀತಾವ.

ಸೀಟು ತುಂಬಿಸೋರಲ್ಲಿ ನಾವೂ ಇದ್ದೇವಿ. ಬೈಲಹೊಂಗಲದ ವ್ಯಾಪಾರಿ ಟೈಮಿಂಗ್ ಚಲೋ ಅಂತ ಹುಬ್ಬಳ್ಳಿಗೆ ಹೋದರೆ ಸಾಂಬ್ರಾಕ್ಕೆ ಒಬ್ಬ ಪ್ರಯಾಣಿಕ ಕಡಿಮೆ. ಈ ನಾಲ್ಕು ತಾಲೂಕು ಎರಡೂ ನಿಲ್ದಾಣಕ್ಕೆ ಗಿರಾಕಿ, ಆದ್ರ ನಿಲ್ದಾಣಕ್ಕೆ ಹೋಗೋ ದಾರಿ ಬಗ್ಗೆ ಯಾರೂ ವಿಚಾರ ಮಾಡಿಲ್ಲ.

ಬೇಕಾಗಿರೋದು ಬಸ್ಸು

ಸವದತ್ತಿಯವರು ಬಸ್ಸಿನಾಗ ಹೋಗಬೇಕಂದ್ರ ಧಾರವಾಡದಲ್ಲಿ ಇಳದು, ಚಿಗರಿ ಹತ್ತಿ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಆಟೊ ಹಿಡೀಬೇಕು. ಪೆಟ್ಟಿಗೆ, ಮಕ್ಕಳು, ವಯಸ್ಸಾದವರನ್ನ ಕರಕೊಂಡು ಇದು ಆಗೋ ಮಾತಲ್ಲ.

ಮೂರನೇ ನಿಲ್ದಾಣ ಕೇಳೋದರಲ್ಲಿ ಅರ್ಥ ಇಲ್ಲ. ಹಳೇ ನಿಲ್ದಾಣದಿಂದ 150 ಕಿ.ಮೀ. ಒಳಗೆ ಹೊಸದು ಕಟ್ಟೋದಕ್ಕೆ ಕೇಂದ್ರದ 2008ರ ನೀತಿ ಸುಲಭವಾಗಿ ಒಪ್ಪೋದಿಲ್ಲ. ಧಾರವಾಡ–ಕಿತ್ತೂರು–ಬೆಳಗಾವಿ ಹೊಸ ರೈಲು ಮಾರ್ಗಕ್ಕೆ 2020ರಲ್ಲೇ ಒಪ್ಪಿಗೆ ಸಿಕ್ಕರೂ ಭೂಸ್ವಾಧೀನದಾಗ ವರ್ಷಗಟ್ಟಲೆ ಸಿಕ್ಕೊಂಡಿತು. ಅದಕ್ಕ ಕೈಗೆಟಕೋದು ಕೇಳಬೇಕು: ವಿಮಾನದ ವೇಳೆಗೆ ಹೊಂದುವಂಗ ರಾಮದುರ್ಗ–ಯರಗಟ್ಟಿ–ಸಾಂಬ್ರಾ ಒಂದು ಬಸ್ಸು, ಸವದತ್ತಿ–ಧಾರವಾಡ–ಹುಬ್ಬಳ್ಳಿ ನಿಲ್ದಾಣ ಇನ್ನೊಂದು.

ಬೈಲಹೊಂಗಲ, ಸವದತ್ತಿ, ರಾಮದುರ್ಗ ಬೆಳಗಾವಿ ಲೋಕಸಭಾ ಕ್ಷೇತ್ರದಾಗ ಬರ್ತಾವ. 2024ರಲ್ಲಿ ಇಲ್ಲಿಂದ ಗೆದ್ದ ಜಗದೀಶ ಶೆಟ್ಟರ್ ಹುಬ್ಬಳ್ಳಿಯವರು, ಎರಡೂ ನಿಲ್ದಾಣ ಬಲ್ಲವರು. ಕಿತ್ತೂರು ಇರೋದು ಉತ್ತರ ಕನ್ನಡ ಕ್ಷೇತ್ರದಾಗ, ಅಲ್ಲಿಯವರು ವಿಶ್ವೇಶ್ವರ ಹೆಗಡೆ ಕಾಗೇರಿಯವರನ್ನ ಕೇಳಬೇಕು. ನಾಲ್ಕೂ ಊರಿನ ವ್ಯಾಪಾರಸ್ಥರು ಕೂಡಿ ವಾಯವ್ಯ ಸಾರಿಗೆಗೆ ಒಂದೇ ಮನವಿ ಕೊಟ್ಟರೆ ಮಾತಿಗೆ ತೂಕ ಬರ್ತದ. ಅಲ್ಲೀತನಕ ಟಿಕೆಟ್ ತಗಿಯೋ ಮುಂಚೆ ಎರಡೂ ನಿಲ್ದಾಣದ ವೇಳೆ ನೋಡ್ರಿ, ಗಾಡಿ ಬಾಡಿಗೆ ಕೂಡಿಸ್ರಿ, ಆಮೇಲೆ ಬುಕ್ ಮಾಡ್ರಿ.