ಎ.ಕೆ. ಕಾಲೋನಿಗೆ ಆ ಹೆಸರು ಹೇಗೆ ಬಂತು ಗೊತ್ತಾ?



ಒಂದಾನೊಂದು ಕಾಲದಲ್ಲಿ ಒಬ್ಬ ರಾಜ ಬೇಟೆಗೆ ಬಂದನಂತೆ. (ರಾಜರಿಗೆ ಬೇರೆ ಕೆಲಸ ಇರಲಿಲ್ಲ ಅನ್ಸುತ್ತೆ, ಎಲ್ಲ ಸ್ಥಳಪುರಾಣದಲ್ಲೂ ಬೇಟೆಗೇ ಬರ್ತಾರೆ.) ದಾರಿ ತಪ್ಪಿ ನಮ್ಮ ಬೀದಿಗೆ ಬಂದ. ಬಾಯಾರಿಕೆ. ನಮ್ಮ ಅಜ್ಜಿಯೊಬ್ಬಳು ಚೊಂಬಲ್ಲಿ ನೀರು ಕೊಟ್ಟಳು. ಕುಡಿದಾದ ಮೇಲೆ ಇದು ಯಾರ ಕೇರಿ ಅಂತ ಮಂತ್ರಿ ಕಿವಿಯಲ್ಲಿ ಹೇಳಿದ. ರಾಜ "ಅಯ್ಯೋ ಕರ್ಮ!" ಅಂದ. ಅದೇ ಇಂಗ್ಲಿಷಲ್ಲಿ ಎ.ಕೆ. ಆಯ್ತು.

ನಗ್ತಿದ್ದೀರಾ? ಬೆಂದಕಾಳೂರಿನ ಕತೆಗೆ ಯಾಕ್ರೀ ನಗಲ್ಲ? ಅಲ್ಲೂ ರಾಜ, ಬೇಟೆ, ಅಜ್ಜಿ. ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಬೇಗೂರಿನ ವೀರಗಲ್ಲಿನಲ್ಲಿ ಬೆಂಗಳೂರು ಅನ್ನೋ ಹೆಸರು ಸುಮಾರು ಕ್ರಿ.ಶ. 890ರಲ್ಲೇ ಇದೆ. ಅಂದ್ರೆ ಕಾಳು ಬೇಯೋಕೆ ಮುನ್ನೂರು ವರ್ಷ ಮೊದಲೇ ಊರಿಗೆ ಹೆಸರು! ಆದ್ರೂ ಮಕ್ಕಳಿಗೆ ಇವತ್ತೂ ಅದೇ ಕತೆ. ಯಾರೂ ದಾಖಲೆ ಕೇಳಲ್ಲ. ರಾಜನಿಗೆ ಹೆಸರಿದೆ, ಬೇಯಿಸಿ ಬಡಿಸಿದ ಅಜ್ಜಿಗೆ ಹೆಸರಿಲ್ಲ, ಅದನ್ನೂ ಕೇಳಲ್ಲ.

ನಮ್ಮ ಬೀದಿಗೆ ಬಾಬಾಸಾಹೇಬರ ಹೆಸರಿಡಿ ಅಂತ ಅರ್ಜಿ ಹಿಡ್ಕೊಂಡು ಹೋದಾಗ ಮಾತ್ರ ಮೊದಲ ಪ್ರಶ್ನೆ: "ಅಂಬೇಡ್ಕರ್ ನಿಮ್ಮ ಬೀದಿಗೆ ಬಂದಿದ್ರಾ? ದಾಖಲೆ ಇದ್ಯಾ?"

ಸ್ವಾಮಿ, ವಿಕ್ಟೋರಿಯಾ ರಾಣಿ ಇಂಡಿಯಾಕ್ಕೇ ಕಾಲಿಡಲಿಲ್ಲ. ಕಬ್ಬನ್ ಪಾರ್ಕ್ ಮೂಲೆಯಲ್ಲಿ ಪ್ರತಿಮೆ ಇದೆ, ಆಚೆ ಕ್ವೀನ್ಸ್ ರೋಡೂ ಇದೆ. ಆಕೆಯ ಟಿಕೆಟ್ಟು ಯಾರು ನೋಡಿದ್ರು? ನಾನೂ ಗುಮಾಸ್ತನೇ. ಫೈಲನ್ನ ಮಲಗಿಸೋಕೆ ಎಂಥ ಪ್ರಶ್ನೆ ಹಾಕ್ತಾರೆ ಅಂತ ನನಗೆ ಹೇಳಿಕೊಡಬೇಡಿ.

ಎ.ಕೆ. ಅಂದ್ರೆ ಆದಿ ಕರ್ನಾಟಕ. ಈ ನೆಲದ ಮೊದಲಿಗರು ಅಂತ ಅರ್ಥ. ಕನ್ನಡ ರಾಜ್ಯೋತ್ಸವದ ವೇದಿಕೆ ಮೇಲೆ ಕೂರಬೇಕಾದ ಪದ ಅದು! ಎರಡಕ್ಷರಕ್ಕೆ ಮುದುರಿ, ಮುಂದೆ ಕಾಲೋನಿ ಅಂತ ಅಂಟಿಸಿ, ಊರಾಚೆಯ ಗುರುತು ಮಾಡಿದ್ರು. ಪೇಟೆಯಲ್ಲಿ ಕುಂಬಾರಪೇಟೆ ಇದೆ, ಗಾಣಿಗರಪೇಟೆ ಇದೆ. ಅವೂ ಕುಲಕಸುಬಿನ ಹೆಸರುಗಳೇ. ಅವನ್ನ ಹೇಳಿದ್ರೆ "ಹಳೇ ಬೆಂಗಳೂರು, ಎಂಥಾ ಪರಂಪರೆ" ಅಂತಾರೆ. ನಮ್ಮ ವಿಳಾಸ ಹೇಳಿದ್ರೆ "ಓ... ಅಲ್ಲಾ?" ಅಂತ ಒಂದು ಎಳೆತ. ಆ ಎಳೆತ ಆದಮೇಲೆ, ಬೆಳಿಗ್ಗೆ ಖಾಲಿ ಇದ್ದ ಬಾಡಿಗೆ ಮನೆ ಸಂಜೆಗೆ "ಯಾರಿಗೋ ಕೊಟ್ಟಾಯ್ತು" ಆಗಿರುತ್ತೆ. ನಮ್ಮ ಹುಡುಗ್ರು ಕಾಲೇಜಲ್ಲಿ ಎ.ಕೆ. ಅಂದ್ರೆ ಅನಿಲ್ ಕುಂಬ್ಳೆ ಅಂತ ಹೇಳ್ಕೊಂಡು ಓಡಾಡ್ತಾರೆ. ಎಂ.ಜಿ. ರೋಡಲ್ಲಿ ಅವರ ಹೆಸರಿನ ಸರ್ಕಲ್ ಇರೋದ್ರಿಂದ ನಂಬ್ತಾರೂ ಕೂಡ. ಜಾಣತನ ಮೆಚ್ಚಬೇಕು, ಆದ್ರೆ ಹದಿನೆಂಟರ ಹುಡುಗನಿಗೆ ತನ್ನ ಬೀದಿ ಹೆಸರಿಗೆ ಸುಳ್ಳು ಕತೆ ಕಟ್ಟೋ ಗತಿ ತಂದವರು ಯಾರು?

ಹಿರಿಯರು ಕೆಲವರು "ಆದಿ ಕರ್ನಾಟಕ ಬೀದಿ ಅಂತ ಪೂರ್ತಿ ಬರೆಸೋಣ ಕಣಪ್ಪ" ಅಂತಿದ್ದಾರೆ. ನನ್ನ ಓಟು ಬಾಬಾಸಾಹೇಬರಿಗೆ. ಎರಡರಲ್ಲಿ ಯಾವುದಾದ್ರೂ ಸರಿ, ತೀರ್ಮಾನ ನಮ್ಮದು, ಕಚೇರಿಯ ಟೇಬಲ್ಲಿನದಲ್ಲ.

ಅರ್ಜಿ ಮತ್ತೆ ಹಾಕ್ತಿದ್ದೀವಿ. ಭಾನುವಾರ ಬೆಳಿಗ್ಗೆ ಸಮುದಾಯ ಭವನದ ಮುಂದೆ ಸಹಿ ಸಂಗ್ರಹ. ಪಕ್ಕದ ಬೀದಿಯವರೂ ಬನ್ನಿ. ದಾಖಲೆ ಕೇಳಲ್ಲ.